ಒಂದು ಟೀ, ಎರಡು ಲೋಟ

ಕಾಫಿಯನ್ನು ಹೊಗಳುವವರು ನಮ್ಮ ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದು ನ್ಯಾಯವೂ ಹೌದು. ಬಾಬಾಬುಡನ್‌ಗಿರಿ ನಮ್ಮದು, ಚಿಕ್ಕಮಗಳೂರು, ಕೊಡಗು ನಮ್ಮವು. ಆದರೆ ಬಡಪಾಯಿ ಟೀಯ ಪರವಾಗಿ ವಕಾಲತ್ತು ವಹಿಸುವವರು ಕಡಿಮೆ. ಆದ್ದರಿಂದ ಟೀಯನ್ನು ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಇದು ಕಾಲೇಜಿನ ಸಂಚಿಕೆಗೆ ತಕ್ಕ ವಿಷಯವೇ ಎಂದು ಗುರುಗಳು ಹುಬ್ಬೇರಿಸಬಾರದು. ಅವರಲ್ಲಿ ಅನೇಕರ ದರ್ಶನ ನನಗೆ ಟೀ ಅಂಗಡಿಯಲ್ಲಿಯೇ ಆಗಿರುವುದರಿಂದ, ಕ್ಷಮಿಸುವರೆಂಬ ಧೈರ್ಯವಿದೆ.

ಮಂಡ್ಯದಲ್ಲಿ ನಾನಿರುವುದು ಬಾಡಿಗೆಯ ಒಂದು ಕೊಠಡಿಯಲ್ಲಿ. ಎರಡು ಚಾಪೆ, ಒಂದು ಫ್ಯಾನು, ಒಬ್ಬ ಮಿತ್ರ. ಮಿತ್ರನ ಹೆಸರನ್ನು ಬರೆಯಕೂಡದೆಂದು ಅವನದೇ ಆಜ್ಞೆಯಾಗಿದೆ. ಅವನು ಮದ್ದೂರಿನವನು, ಅವನ ತಂದೆ ಅಲ್ಲಿ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ಚಿಕ್ಕದೊಂದು ಟೀ ಅಂಗಡಿ ಇಟ್ಟಿದ್ದಾರೆ. ಒಲೆಯ ಪಕ್ಕದಲ್ಲಿಯೇ ಬೆಳೆದ ಹುಡುಗನಾದ್ದರಿಂದ ಟೀಯ ವಿಷಯದಲ್ಲಿ ಅವನ ನಾಲಗೆ ಬಲು ಚುರುಕು. ಒಂದು ಗುಟುಕು ಕುಡಿದು, “ಇದು ಬೆಳಗಿನ ಚರಟಕ್ಕೆ ಮಧ್ಯಾಹ್ನ ನೀರು ಹುಯ್ದದ್ದು ಕಣೋ” ಎನ್ನುತ್ತಾನೆ. ಅಂಗಡಿಯವನ ಮುಖ ನೋಡಿದರೆ ಮಾತು ನಿಜವೆಂದು ತಿಳಿಯುತ್ತದೆ.

2023ರ ಮಾರ್ಚಿ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ನಾವೆಲ್ಲರೂ ಸಂತೋಷಪಟ್ಟೆವು. 118 ಕಿಲೋಮೀಟರಿನ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಆದರೆ ಆ ದಾರಿ ಮದ್ದೂರನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಮೊದಲು ಮದ್ದೂರಿನಲ್ಲಿ ಕಾರು ನಿಲ್ಲಿಸಿ, ವಡೆ ತಿಂದು, ಟೀ ಕುಡಿದು ಹೋಗುತ್ತಿದ್ದ ಪ್ರಯಾಣಿಕರು ಈಗ ಊರಿನ ಹೆಸರನ್ನು ಫಲಕದ ಮೇಲೆ ಓದಿಕೊಂಡು ಮುಂದೆ ಸಾಗುತ್ತಾರೆ. ಮಿತ್ರನ ತಂದೆಯ ಅಂಗಡಿಯಲ್ಲಿ ದಿನಕ್ಕೆ ಮೂರು ಸಲ ಏರುತ್ತಿದ್ದ ಹಾಲಿನ ಪಾತ್ರೆ ಒಂದು ಸಲಕ್ಕೆ ಬಂತು. ಲೋಟ ತೊಳೆಯುವ ಹುಡುಗನನ್ನು ಬಿಡಿಸಬೇಕಾಯಿತು. ಕಳೆದ ದಸರಾ ರಜೆಯಲ್ಲಿ ಅವರು ಮಗನಿಗೆ, “ಓದೋದು ಬಿಡು ಅಂತ ನಾನು ಹೇಳಾಕಿಲ್ಲ ಕಣಪ್ಪ. ಆದ್ರೆ ನನ್ನ ಒಬ್ಬನ ಕೈಲಿ ಆಗ್ತಾ ಇಲ್ಲ” ಎಂದರಂತೆ.

ಮಿತ್ರ ರಜೆ ಮುಗಿಸಿ ಬಂದವನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಇನ್ನೂರು ಪುಟದ ನೋಟ್‌ಬುಕ್ಕನ್ನು ತಂದು ನನ್ನ ಮುಂದೆ ಹಾಕಿದ. “ಎಲ್ಲೂ ಸಿಗದಂಥ ಒಂದು ಟೀ ನಮ್ಮ ಅಂಗಡೀಲಿ ಸಿಗೋ ಹಾಗಾದ್ರೆ ಜನ ಬರ್ತಾರೆ. ಜನ ಬಂದ್ರೆ ಹುಡುಗನನ್ನು ಮತ್ತೆ ಇಟ್ಕೋಬಹುದು. ಹುಡುಗ ಬಂದ್ರೆ ನಾನು ಪರೀಕ್ಷೆ ಕಟ್ಟಬಹುದು. ಆ ಟೀ ಹುಡುಕಬೇಕು” ಎಂದ. ತರ್ಕಶಾಸ್ತ್ರವನ್ನು ಅವನು ಐಚ್ಛಿಕವಾಗಿ ಓದಿದವನಲ್ಲ. ಆದರೂ ನನಗೆ ಆ ವಾದದಲ್ಲಿ ದೋಷ ಕಾಣಲಿಲ್ಲ.

ಹೀಗೆ ನಮ್ಮ ಟೀ ಯಾತ್ರೆ ಆರಂಭವಾಯಿತು. ನೋಟ್‌ಬುಕ್ಕಿನಲ್ಲಿ ಬಣ್ಣ, ಕಡು, ಸಿಹಿ, ಬೆಲೆ ಎಂದು ನಾಲ್ಕು ಕಲಮುಗಳು. ಹತ್ತಕ್ಕೆ ಇಷ್ಟು ಎಂದು ಅಂಕ. ನಮ್ಮ ಪರೀಕ್ಷಕರಷ್ಟೇ ಕಠಿಣವಾಗಿ ಅಂಕ ಕೊಡುತ್ತಿದ್ದೆವು. ಎಲ್ಲಿ ಹೋದರೂ ‘ಬೈ ಟೂ’. ಒಂದು ಟೀಯನ್ನು ಎರಡು ಲೋಟಕ್ಕೆ ಹಂಚಿಕೊಂಡರೆ ಅದೇ ಹಣದಲ್ಲಿ ಎರಡರಷ್ಟು ಅಂಗಡಿಗಳನ್ನು ನೋಡಬಹುದೆಂಬ ಅರ್ಥಶಾಸ್ತ್ರ ನನ್ನದು.

ಮಂಡ್ಯದ ಬಸ್ ನಿಲ್ದಾಣದ ಬಳಿಯ ಟೀ ಕುದಿದು ಕುದಿದು ಕಷಾಯದ ಪದವಿಗೆ ಏರಿತ್ತು; ನಾಲ್ಕು ಅಂಕ. ರೈಲು ನಿಲ್ದಾಣದ ಕಡೆ ಒಬ್ಬರು ಕೇಳಿದ ಮೇಲೆ ಶುಂಠಿ ಜಜ್ಜುತ್ತಾರೆ, ಏಳು. ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಕಬ್ಬಿನ ಗಾಡಿ, ಲಾರಿಗಳ ಸಾಲಿನ ನಡುವೆ ನಿಂತು ಕುಡಿದ ಟೀಗೆ ಸಕ್ಕರೆ ಎಷ್ಟಿತ್ತೆಂದರೆ ಮಿತ್ರ ಸಿಹಿಯ ಕಲಮಿನಲ್ಲಿ ಹನ್ನೊಂದು ಎಂದು ಬರೆದ. 1933ರಿಂದ ಸಕ್ಕರೆಯ ಊರೆಂದು ಹೆಸರಾದ ಮೇಲೆ ಕೈ ಬಿಗಿ ಹಿಡಿಯುವುದಾದರೂ ಹೇಗೆ? ಗಾಜಿನ ಬಾಗಿಲಿನ ಹೊಸ ಅಂಗಡಿಯೊಂದರಲ್ಲಿ ಕಾದ ಮಣ್ಣಿನ ಕುಡಿಕೆಗೆ ಟೀ ಸುರಿದು, ಭುಸ್ಸೆಂದು ಉಕ್ಕಿಸಿ ‘ತಂದೂರಿ ಟೀ’ ಎಂದು ಕೊಟ್ಟರು. ಹೊಗೆಯ ವಾಸನೆ ಇತ್ತು; ನಮ್ಮೂರಿನಲ್ಲಿ ಸೌದೆ ಒಲೆಯ ಮೇಲೆ ಅದು ಪುಕ್ಕಟೆ ಬರುತ್ತದೆ. ಅಲ್ಲಿಯೇ ಹಸಿರು ಟೀಯನ್ನೂ ಕುಡಿದೆವು. ಬೇರೇನೋ ಸೊಪ್ಪಿರಬೇಕೆಂದು ನಾನು ತಿಳಿದಿದ್ದೆ. ಹಸಿರು ಟೀ, ಕಪ್ಪು ಟೀ ಎರಡೂ ಒಂದೇ ಗಿಡದ ಎಲೆಯೆಂದೂ, ಕಿತ್ತ ಎಲೆಯನ್ನು ಹುದುಗಲು ಬಿಟ್ಟರೆ ಕಪ್ಪು, ಬಿಡದೆ ಶಾಖ ಕೊಟ್ಟು ಒಣಗಿಸಿದರೆ ಹಸಿರು ಎಂದೂ ಮಿತ್ರ ವಿವರಿಸಿದ.

ನಮ್ಮ ಅಂಗಡಿಗಳ ಟೀ ಎಲ್ಲೆಡೆ ಒಂದೇ ಬಣ್ಣಕ್ಕೆ ಬರುವ ಗುಟ್ಟನ್ನೂ ಅವನೇ ಹೇಳಿದ. 1930ರ ದಶಕದಲ್ಲಿ ಅಸ್ಸಾಂನಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತುವ ಯಂತ್ರ ಬಂತು. ಅದರಿಂದ ಬರುವ ಸಣ್ಣ ಹರಳು, ಅದಕ್ಕಿಂತ ಸಣ್ಣ ಪುಡಿ, ಇವು ಹಾಲಿನಲ್ಲಿ ಬೇಗ ಬಣ್ಣ ಬಿಡುತ್ತವೆ. ಸ್ವಲ್ಪ ಪುಡಿಗೆ ಹೆಚ್ಚು ಲೋಟ. ಹತ್ತು ರೂಪಾಯಿಗೆ ಟೀ ಮಾರುವವನಿಗೆ ಇದಕ್ಕಿಂತ ಬೇರೆ ದಾರಿಯಿಲ್ಲ. “ಪುಡಿ ಎಲ್ಲರದೂ ಒಂದೇ. ಹೊಸದು ಬೇಕಾದ್ರೆ ಬೇರೆ ಎಲ್ಲೋ ಹುಡುಕಬೇಕು” ಎಂದು ನಿಟ್ಟುಸಿರು ಬಿಟ್ಟ.

ಮದ್ದೂರಿಗೂ ಹೋದೆವು. ಅಲ್ಲಿ ವಡೆಯ ಮಹಿಮೆ ದೊಡ್ಡದು. 1917ರ ಸುಮಾರಿನಲ್ಲಿ ರೈಲು ನಿಲ್ದಾಣದಲ್ಲಿ ಹುಟ್ಟಿ, ರೈಲಿನೊಡನೆಯೇ ಪ್ರಸಿದ್ಧವಾದ ತಿಂಡಿಯೆಂದು ಅದರ ಚರಿತ್ರೆಯನ್ನು ಹೇಳುತ್ತಾರೆ. ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಎಳನೀರು ಮಾರುಕಟ್ಟೆ. ಬೆಟ್ಟದಂತೆ ಎಳನೀರು ರಾಶಿ. ಅದನ್ನು ದೂರದ ಊರುಗಳಿಗೆ ಹೋಗುವ ಲಾರಿಗೆ ತುಂಬುವ ಆಳುಗಳು ಬೆವರು ಒರೆಸಿಕೊಂಡು ಕುಡಿಯುವುದು ಮಾತ್ರ ಟೀ! ಮಿತ್ರ ಅದನ್ನು ನೋಡಿ ನಗಲಿಲ್ಲ. ಎಷ್ಟು ಜನ ಇದ್ದಾರೆಂದು ಎಣಿಸುತ್ತಿದ್ದ.

ಡಿಸೆಂಬರಿನ ಒಂದು ಶನಿವಾರ ಮದ್ದೂರಿನಿಂದ ಬಸ್ಸು ಹಿಡಿದು ಮಳವಳ್ಳಿಗೆ ಹೊರಟೆವು. ಮಳವಳ್ಳಿಯಲ್ಲಿ, ಕೊಳ್ಳೇಗಾಲದ ಕಡೆ ಹೋಗುವ ರಸ್ತೆಯಲ್ಲಿ, ಮೂರು ಅಂಗಡಿ ನೋಡಿದೆವು. ಏಲಕ್ಕಿ ಟೀ ಚೆನ್ನಾಗಿತ್ತು, ನಿಂಬೆ ಟೀ ಸುಮಾರು. ಹೊಸದು ಯಾವುದೂ ಇಲ್ಲ. ನಮ್ಮೂರು ಅಲ್ಲಿಂದ ಹತ್ತಿರವೇ. “ಇಷ್ಟು ದೂರ ಬಂದು ಮನೆಗೆ ಕರೆಯಾಕಿಲ್ವಾ?” ಎಂದು ಮಿತ್ರ ಕೇಳಿದ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷದಿಂದ ಅವನನ್ನು ಮನೆಗೆ ಕರೆಯದೆ ನಾನು ನೆಪ ಹೇಳುತ್ತ ಬಂದಿದ್ದೆ. ನಮ್ಮದು ಒಂದೂಕಾಲು ಎಕರೆ ಕಬ್ಬಿನ ಮನೆ. ಸಕ್ಕರೆ ನೆಂಟರು ಬಂದಾಗ ಮಾತ್ರ. ಮಿಕ್ಕ ದಿನ ಆಲೆಮನೆಯಿಂದ ತಂದ ಬೆಲ್ಲವೇ ಟೀಗೆ. ಮಂಡ್ಯಕ್ಕೆ ಬಂದ ಮೊದಲ ವಾರ ಯಾರೋ “ನಿಮ್ಮ ಕಡೆ ಇನ್ನೂ ಬೆಲ್ಲದ ಟೀಯಾ?” ಎಂದು ನಕ್ಕಿದ್ದರು. ಅಂದಿನಿಂದ ಆ ಮಾತನ್ನೇ ಎತ್ತಿರಲಿಲ್ಲ. ನೋಟ್‌ಬುಕ್ಕಿನ ಇಪ್ಪತ್ತಾರು ಅಂಗಡಿಗಳ ನಡುವೆ ಒಮ್ಮೆಯೂ ನನ್ನ ಬಾಯಿಂದ ಅದು ಬರಲಿಲ್ಲ.

ಅವ್ವ ನಮ್ಮನ್ನು ನೋಡಿದ್ದೇ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ಲೋಟ ತಂದು, “ಸಕ್ರೆ ಮುಗ್ದೋಗಿತ್ತು ಕಣಪ್ಪ, ಬೆಲ್ಲದ್ದೇ ಕಾಯ್ಸಿವ್ನಿ. ಬೇಜಾರ್ ಮಾಡ್ಕಬ್ಯಾಡ” ಎಂದಳು. ನಾನು ನೆಲ ನೋಡುತ್ತಿದ್ದೆ. ಮಿತ್ರ ಒಂದು ಗುಟುಕು ಕುಡಿದ, ಇನ್ನೊಂದು ಕುಡಿದ. ಲೋಟ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿ, “ಇದನ್ನ ಇಟ್ಕೊಂಡು ನನ್ನನ್ನ ಮೂರು ತಾಲ್ಲೂಕು ಸುತ್ತಿಸಿದೆಯಲ್ಲೋ!” ಎಂದ. ಅವ್ವನಿಗೆ ಏನೂ ಅರ್ಥವಾಗಲಿಲ್ಲ. “ಇನ್ನೊಸಿ ಬುಡ್ಲಾ ಮಗ?” ಎಂದಳು. ಮಿತ್ರ ನೋಟ್‌ಬುಕ್ಕನ್ನು ತೆಗೆದು ಬಣ್ಣ, ಕಡು, ಸಿಹಿ ಎಲ್ಲಕ್ಕೂ ಅಂಕ ಕೊಟ್ಟ. ಬೆಲೆಯ ಕಲಮಿಗೆ ಬಂದಾಗ ಪೆನ್ನು ಮುಚ್ಚಿದ.

ಮಾರನೆಯ ದಿನವೇ ಮದ್ದೂರಿನ ಅಂಗಡಿಯಲ್ಲಿ ಪ್ರಯೋಗ. ಕುದಿಯುವ ಟೀಗೆ ಮಿತ್ರ ಅಚ್ಚು ಬೆಲ್ಲವನ್ನು ಪುಡಿಮಾಡಿ ಹಾಕಿದ. ಎರಡು ಲೀಟರ್ ಹಾಲು ನಮ್ಮ ಕಣ್ಣೆದುರಿಗೇ ಒಡೆದು ಹೋಯಿತು. ಅವನ ತಂದೆ ಬೈಯಲಿಲ್ಲ. ಪಾತ್ರೆಯನ್ನು ಇಳಿಸಿ, ಒಡೆದ ಹಾಲನ್ನು ನೋಡುತ್ತ ನಿಂತರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮನೆಗೆ ಫೋನು ಮಾಡಿದೆ. “ಬೆಲ್ಲ ಹಾಲ್ನ ಒಡೀತದೆ ಕಣ್ಲಾ. ಬೆಲ್ಲಾನ ಟೀಸೊಪ್ಪಿನ ನೀರಲ್ಲೇ ಕುದಿಸ್ಬೇಕು. ಇಳಿಸಿ, ಸೋಸಿ, ಆಮ್ಯಾಕೆ ಬಿಸಿ ಹಾಲು ಹುಯ್ಬೇಕು. ಹುಯ್ದ ಮ್ಯಾಲೆ ಕುದಿಸ್ಬಾರ್ದು. ಹದಿನಾಲ್ಕು ವರ್ಸ ಓದಿ ಇಷ್ಟು ಗೊತ್ತಿಲ್ವಾ?” ಎಂದಳು ಅವ್ವ. ಬೆಲ್ಲದಲ್ಲಿರುವ ಹುಳಿ ಅಂಶಕ್ಕೆ ಕುದಿಯುವ ಹಾಲು ಒಡೆಯುತ್ತದೆಂಬುದನ್ನು ವಿಜ್ಞಾನದ ಹುಡುಗರು ಆಮೇಲೆ ತಿಳಿಸಿದರು. ಅವ್ವನಿಗೆ ಅದು ಮೊದಲೇ ಕೈಗೆ ಗೊತ್ತಿತ್ತು.

ಈಗ ಆ ಅಂಗಡಿಯಲ್ಲಿ ಎರಡು ಪಾತ್ರೆ. ಒಂದರಲ್ಲಿ ಬೆಲ್ಲ ಕರಗಿದ ಡಿಕಾಕ್ಷನ್, ಇನ್ನೊಂದರಲ್ಲಿ ಬಿಸಿ ಹಾಲು, ಲೋಟದಲ್ಲಿಯೇ ಬೆರೆಸುವುದು. ಹೆದ್ದಾರಿಯ ಕಾರುಗಳು ಇದಕ್ಕಾಗಿ ತಿರುಗಿ ಬಂದವೆಂದು ಬರೆದರೆ ಸುಳ್ಳಾದೀತು. ಒಂದೂ ಬರಲಿಲ್ಲ. ಬಂದವರು ಎಳನೀರು ತುಂಬುವ ಆಳುಗಳು, ಆಟೋದವರು, ಸಂತೆಗೆ ಬಂದ ರೈತರು. “ನಮ್ಮನೇದು ಇದ್ದಂಗದೆ” ಎಂದು ಕುಡಿದು, ನಾಳೆಯೂ ಬರುತ್ತಾರೆ. ಲೋಟ ತೊಳೆಯುವ ಹುಡುಗ ಬೆಳಗಿನ ಹೊತ್ತು ಮಾತ್ರ ಮತ್ತೆ ಬರುತ್ತಿದ್ದಾನೆ. ಶನಿವಾರ ಅವನಿಗೆ ರಜೆ. ಆ ದಿನ ಮಿತ್ರ ಅಂಗಡಿಯಲ್ಲಿರುತ್ತಾನೆ. ಪರೀಕ್ಷೆಯ ಶುಲ್ಕವನ್ನು ಕಟ್ಟಿದ್ದಾನೆ.

ಶನಿವಾರದ ತರಗತಿಗಳಲ್ಲಿ ಒಬ್ಬ ವಿದ್ಯಾರ್ಥಿಯ ಹಾಜರಿ ಏಕೆ ಕಡಿಮೆಯೆಂದು ನಮ್ಮ ಗುರುಗಳು ಕೇಳುತ್ತಿದ್ದರು. ಅವನು ಉತ್ತರ ಹೇಳುವವನಲ್ಲ. ಅವನ ಪರವಾಗಿ ನಾನು ಈ ಲೇಖನದ ಮೂಲಕ ಸಲ್ಲಿಸಿದ್ದೇನೆ. ಗುರುಗಳಿಗೆ ಇನ್ನೂ ಸಂಶಯವಿದ್ದರೆ ಹೊಸ ಹೆದ್ದಾರಿಯನ್ನು ಬಿಟ್ಟು ಹಳೆಯ ರಸ್ತೆಯಲ್ಲಿ ಮದ್ದೂರಿಗೆ ಬರಲಿ. ಎರಡು ಪಾತ್ರೆ ಇಟ್ಟಿರುವ ಅಂಗಡಿಯನ್ನು ಕೇಳಿದರೆ ತೋರಿಸುತ್ತಾರೆ. ಗುರುಗಳಿಗೆ ಬೈ ಟೂ ಅಲ್ಲ, ಪೂರ್ತಿ ಲೋಟವನ್ನೇ ಕೊಡಿಸುತ್ತೇವೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ