ಹಳೆ ಗಣಕದ ಕೀಲಿ

ಸತ್ತೂರಿನ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಒಂದು ಪೆಂಟಿಯಮ್ 4 ಗಣಕ ಇದೆ. ಅದರಲ್ಲಿ ಇವತ್ತಿಗೂ ವಿಂಡೋಸ್ ಎಕ್ಸ್‌ಪಿಯೇ ನಡೆಯುತ್ತದೆ. ಮೈಕ್ರೋಸಾಫ್ಟ್ ಅದರ ಕೈಬಿಟ್ಟದ್ದು 2014ರ ಏಪ್ರಿಲ್ 8ರಂದು. ನಾನು ಬಿಟ್ಟಿಲ್ಲ. ಡಿಟಿಪಿ ಮಾಡುವ ನನ್ನ ಸರಕೆಲ್ಲ ಪೇಜ್‌ಮೇಕರ್ 7ರಲ್ಲಿ, ಹಳೆಯ ನುಡಿ ಫಾಂಟಿನಲ್ಲಿ ಇದೆ. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ತಿರುಗಿಸಲು ಹೋದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ಆಸ್ತಿ ಪಾಲಿನ ವಾಟ್ನಿ ಪತ್ರದಲ್ಲಿ, ಮೃತ್ಯುಪತ್ರದಲ್ಲಿ ಹೆಸರಿನ ಒಂದು ಒತ್ತು ಹಾರಿದರೂ ಮುಂದೆ ತಕರಾರಿಗೆ ದಾರಿ.

ಈ ಪತ್ರಗಳನ್ನು ಬರೆಸಲು ಬರುವವರು ಮೊದಲು ಬಾಗಿಲ ಕಡೆ ನೋಡುತ್ತಾರೆ. ಹೋದ ಮಳೆಗಾಲ ಬಂದ ಅಜ್ಜ ಕೈಬರಹದ ಹಾಳೆಯನ್ನು ಅಂಗಿಯೊಳಗಿಂದ ತೆಗೆದು, “ತಮ್ಮಾ, ಇದು ನನ್ನ ಮಕ್ಕಳ ಕಣ್ಣಿಗೂ ಬೀಳಬಾರ್ದು ನೋಡಪಾ” ಅಂದ.

“ಬೀಳಂಗಿಲ್ರೀ ಅಜ್ಜಾ” ಅಂದೆ. ಆ ಮಾತು ಉಳಿಸಿಕೊಳ್ಳುವ ಕೆಲಸ ನನಗೆ ಬಹಳ ಪ್ರೀತಿಯದು.

ಅದಕ್ಕೆ ಮೊದಲು ನನ್ನಲ್ಲಿದ್ದದ್ದು, ಫೈಲುಗಳನ್ನು ಗುಪ್ತಪದದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುವ ಟ್ರೂಕ್ರಿಪ್ಟ್. 2014ರ ಮೇ 28ರಂದು ಅದನ್ನು ಬರೆದ ಅನಾಮಿಕರು ಇನ್ನು ಇದು ಸುರಕ್ಷಿತವಲ್ಲ ಎಂದು ಬರೆದು ಕೆಲಸ ನಿಲ್ಲಿಸಿಬಿಟ್ಟರು. ಎಕ್ಸ್‌ಪಿಯ ಬೆಂಬಲ ಮುಗಿದದ್ದನ್ನೂ ಅಲ್ಲಿಯೇ ಹೇಳಿದ್ದರು. ಅಂದು ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಅದೇ ಬೇರಿನಿಂದ ಚಿಗುರಿದ ವೇರಾಕ್ರಿಪ್ಟ್ ಕೈ ಹಿಡಿಯಿತು. ಅದರ 1.24ರ ಸರಣಿ ಎಕ್ಸ್‌ಪಿಯಲ್ಲೂ ನಡೆಯುತ್ತದೆ.

ಅದನ್ನು ಈ ಗಣಕಕ್ಕೆ ತಂದ ದಿನ ನನಗೊಂದು ಹಬ್ಬ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಜಗತ್ತಿನೆಲ್ಲೆಡೆ ಗಣಕಗಳನ್ನು ಕಾಡಿದಾಗ ಇದರ ನೆಟ್ ಕೇಬಲ್ ಕಿತ್ತವನು ಮತ್ತೆ ಚುಚ್ಚಿಲ್ಲ. ಹಾಗಾಗಿ ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು, ನನ್ನದೇ ಪೆನ್‌ಡ್ರೈವಿನಲ್ಲಿ ದಾಟಿಸಬೇಕು. ಗಿರಾಕಿಗಳ ಪೆನ್‌ಡ್ರೈವಿಗೆ ಈ ಗಣಕದ ಹತ್ತಿರ ಪ್ರವೇಶವಿಲ್ಲ. ನೆಟ್ ಇಲ್ಲದ ಯಂತ್ರಕ್ಕೆ ರೋಗ ಬರುವುದೇ ಆ ಹಾದಿಯಿಂದ. ದಾಟಿಸಿದ ಮೇಲೆ, ಫೈಲು ಬದಲಾಗಿಲ್ಲವೆಂದು ತಾಳೆ ನೋಡಲು 7-ಜಿಪ್‌ನಿಂದ ಅದರ ಶಾ-256 ತೆಗೆದೆ. 64 ಅಂಕಿ-ಅಕ್ಷರಗಳ ಒಂದು ಸಾಲು. ನಾನು ಎಕ್ಸ್‌ಪಿಯ ಪರದೆ ನೋಡಿ ಓದಿದೆ, ಮಗಳು ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು “ಹೂಂ… ಹೂಂ…” ಎನ್ನುತ್ತ ಬಂದಳು. ನಡುವೆ ಒಂದು ಕಡೆ “ಅಪ್ಪಾ, ಬಿ ಅಂದಿ, ಡಿ ಅಂದಿ?” ಎಂದು ತಡೆದಳು. ಮತ್ತೆ ಮೊದಲಿನಿಂದ. ಕೊನೆಯ ಅಕ್ಷರವೂ ಕೂಡಿದಾಗ ಇಬ್ಬರಿಗೂ ಆದ ಖುಷಿ, ಮಗ್ಗಿ ತಪ್ಪದೆ ಒಪ್ಪಿಸಿದ ಹುಡುಗರದು.

ಹೊಸ ಪೆಟ್ಟಿಗೆ ಕಟ್ಟುವಾಗ ವೇರಾಕ್ರಿಪ್ಟ್ ಮೌಸನ್ನು ಮನಬಂದಂತೆ ಆಡಿಸು ಎನ್ನುತ್ತದೆ. ಕೈ ಎತ್ತ ಹೋಗುತ್ತದೆಂದು ಯಾರೂ ಊಹಿಸಲಾಗದ ಆ ಗೀಚಾಟವೂ ಕೀಲಿಯ ಹುಟ್ಟಿಗೆ ಸೇರುತ್ತದೆ. ಕೆಳಗಿನ ಕೆಂಪು ಪಟ್ಟಿ ನಿಧಾನ ಹಸಿರಾಗುತ್ತದೆ. ಹಸಿರಾದ ಮೇಲೂ ನಾನು ಇನ್ನಷ್ಟು ಹೊತ್ತು ಆಡಿಸುತ್ತೇನೆ.

ತೆರೆಯುವುದು ನಿಧಾನ. ಟ್ರೂಕ್ರಿಪ್ಟ್ ಗುಪ್ತಪದವನ್ನು ಸಾವಿರ, ಎರಡು ಸಾವಿರ ಸುತ್ತು ಅರೆಯುತ್ತಿತ್ತು. ವೇರಾಕ್ರಿಪ್ಟ್ ಶಾ-512ರಲ್ಲಿ 5 ಲಕ್ಷ ಸುತ್ತು ಅರೆಯುತ್ತದೆ. ಕಳ್ಳನೊಬ್ಬ ಒಂದೊಂದೇ ಪದ ಹಾಕಿ ನೋಡಿದರೂ ಪ್ರತಿ ಸಲ ಅಷ್ಟೇ ಅರೆಯಬೇಕು. ನನ್ನ ಮುದಿ ಪ್ರೊಸೆಸರಿಗೆ ಒಂದು ನಿಮಿಷಕ್ಕೂ ಮೇಲೆ ಹಿಡಿಯುತ್ತದೆ. ಫ್ಯಾನು ಭರ್ ಎನ್ನುತ್ತದೆ. ಆ ಸದ್ದು ಕೇಳುತ್ತ ಕೂರುವುದು ನನಗೆ ಹಿತ.

ಕೀಲಿ ಗಟ್ಟಿಯಾದರೂ ಪೆಟ್ಟಿಗೆ ತೆರೆದಿರುವಷ್ಟು ಹೊತ್ತು ಒಳಗಿನದೆಲ್ಲ ಬಯಲೇ. ಎಕ್ಸ್‌ಪಿಯ ಸಂದುಗಳನ್ನು ಇನ್ನು ಯಾರೂ ಮುಚ್ಚುವುದಿಲ್ಲ, ಅದಕ್ಕೇ ಒಂದೊಂದನ್ನೂ ನಾನೇ ನೆನಪಿಟ್ಟು ಕಾಯಬೇಕು. ಪೇಜ್‌ಮೇಕರ್ ಅಲ್ಲಿಲ್ಲಿ ಬಿಡುವ ತಾತ್ಕಾಲಿಕ ಫೈಲು, ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕಿನಲ್ಲಿ ಬರೆದಿಡುವ ಪೇಜ್‌ಫೈಲು, ಎಲ್ಲ ಲೆಕ್ಕಕ್ಕಿರಬೇಕು. ಗಣಕ ಬಂದ್ ಆಗುವಾಗ ಆ ಪೇಜ್‌ಫೈಲನ್ನು ಅಳಿಸುವ ಒಂದು ವ್ಯವಸ್ಥೆ ರಿಜಿಸ್ಟ್ರಿಯಲ್ಲಿದೆ. ಸೊನ್ನೆ ಇದ್ದಲ್ಲಿ ಒಂದು ಬರೆದರಾಯಿತು. ಆಮೇಲೆ ಬಂದ್ ಆಗಲು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಅಜ್ಜ ಮೊನ್ನೆ ಮತ್ತೆ ಬಂದಿದ್ದ. ಒಂದು ಸಾಲು ತಿದ್ದಬೇಕಂತೆ: ಬಾವಿಯ ಪಾಲು ಹಿರಿ ಸೊಸೆಯ ಹೆಸರಿಗೆ. ಪೆಟ್ಟಿಗೆ ತೆರೆಯುವ ತನಕ ಆತ ಚಹಾ ಕುಡಿದ. ತಿದ್ದಿದೆ, ಪ್ರಿಂಟು ಕೊಟ್ಟೆ. ಆತ ಸಾಲಿನ ಮೇಲೆ ಬೆರಳಾಡಿಸಿ ಎರಡು ಸಲ ಓದಿಕೊಂಡು ಹಾಳೆಯನ್ನು ಅಂಗಿಯೊಳಗೆ ಸೇರಿಸಿ ಹೋದ. ನಾನು ಪೆಟ್ಟಿಗೆ ಮುಚ್ಚಿ, ಗಣಕ ಬಂದ್ ಮಾಡಲು ಕೊಟ್ಟು ಕೂತೆ. ಹೊರಗೆ ಚಿಗರಿ ಬಸ್ಸು ಧಾರವಾಡದ ಕಡೆ ಹೋಯಿತು. ಹಿಂದೆಯೇ ಇನ್ನೊಂದು ಹೋಯಿತು. ಡಿಸ್ಕಿನ ಕೆಂಪು ದೀಪ ಇನ್ನೂ ಮಿಣಮಿಣ ಎನ್ನುತ್ತಿತ್ತು.