ಸೋಲಿನಲ್ಲಿ ನಮ್ಮ ಪಾಲು

ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಇದ್ದುಕೊಂಡು ಆರ್‌ಸಿಬಿ ಅಭಿಮಾನಿಯಾಗುವುದರಲ್ಲಿ ಅಂಥ ಹೆಚ್ಚುಗಾರಿಕೆ ಏನಿಲ್ಲ. ತಂಡ ಸೋತ ಮರುದಿನ ಬೀದಿಗೆ ಬೀದಿಯೇ ಸಪ್ಪೆ ಮೋರೆ ಹಾಕಿಕೊಂಡಿರುತ್ತದೆ. ಹಾಲಿನ ಬೂತಿನ ಮುಂದೆ ನಾಲ್ಕು ಜನ ಸೇರಿ ಬೌಲರುಗಳ ಜನ್ಮ ಜಾಲಾಡಿದರೆ ಮನಸ್ಸು ಹಗುರಾಗುತ್ತದೆ. ಬಂಗಾರಪೇಟೆಯವರಿಗೆ ಆ ಭಾಗ್ಯವಿಲ್ಲ. ಕೊಹ್ಲಿ ಔಟಾಗಿ ನಾವು ತಲೆಮೇಲೆ ಕೈ ಹೊತ್ತು ಕೂತಾಗ ಗೋಡೆಯಾಚೆ ಯಾರೋ ಶಿಳ್ಳೆ ಹೊಡೆಯುತ್ತಿರುತ್ತಾರೆ. ಹೊಡೆದವರು ಶತ್ರುಗಳೇನಲ್ಲ, ಬೆಳಗ್ಗೆ ತಾನೇ ನಮ್ಮ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಇಸಕೊಂಡು ಹೋದವರು.

ಇದಕ್ಕೆಲ್ಲ ಭೂಗೋಳ ಕಾರಣ. ನಮ್ಮಲ್ಲಿಂದ ಒಂದು ಕಡೆ ಹೊರಟರೆ ಆಂಧ್ರದ ಕುಪ್ಪಂ, ಇನ್ನೊಂದು ಕಡೆ ಹೊರಟರೆ ತಮಿಳುನಾಡು. ಗಣಿ ಕೆಲಸಕ್ಕೆಂದು ಆರ್ಕಾಟಿನ ಕಡೆಯಿಂದ ಕೆಜಿಎಫ್‌ಗೆ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಈಗ ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್‌ಗಳ ತುಂಬ ಇದ್ದಾರೆ. ನಮ್ಮ ಅಜ್ಜಿಯೇ ಬೈಯುವಾಗ ತೆಲುಗು, ದೇವರ ಮುಂದೆ ಕನ್ನಡ, ಸೊಪ್ಪಿನವಳ ಹತ್ತಿರ ಚೌಕಾಸಿಗೆ ತಮಿಳು ಬಳಸುತ್ತಿದ್ದಳು. ಇಂಥ ಊರಿನಲ್ಲಿ ಐಪಿಎಲ್ ಶುರುವಾದಾಗ ಒಂದೊಂದು ಮನೆ ಒಂದೊಂದು ತಂಡವನ್ನು ಹಿಡಿದುಕೊಂಡಿತು. ಪಕ್ಕದ ಮನೆಯ ಪೆರಿಯಪ್ಪನವರಿಗೆ ಚೆನ್ನೈ. ಕುಪ್ಪಂನಲ್ಲಿರುವ ನಮ್ಮ ಭಾವನಿಗೆ ಹೈದರಾಬಾದು. ನಮ್ಮ ಪಾಲಿಗೆ ಬಂದದ್ದು ಬೆಂಗಳೂರು.

ಬಂದ ಮೊದಲ ದಿನವೇ ಅದರ ಗುಣ ಗೊತ್ತಾಗಬೇಕಿತ್ತು. 2008ರ ಏಪ್ರಿಲ್ 18, ಚಿನ್ನಸ್ವಾಮಿ ಕ್ರೀಡಾಂಗಣ, ಐಪಿಎಲ್ಲಿನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತದ ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮ ಇಡೀ ತಂಡ 82ಕ್ಕೆ ಆಲೌಟ್. ಅದರಲ್ಲೂ ಅತಿ ಹೆಚ್ಚು ರನ್ ಗಳಿಸಿದ್ದು ಯಾವ ಬ್ಯಾಟ್ಸ್‌ಮನ್ನೂ ಅಲ್ಲ, ‘ಇತರೆ’. ವೈಡು, ಲೆಗ್‌ಬೈ ಎಲ್ಲ ಸೇರಿ ಎದುರಾಳಿಗಳೇ ದಾನ ಮಾಡಿದ 19 ರನ್ನು. ದ್ರಾವಿಡ್ ನಾಯಕ ಎಂಬ ಒಂದೇ ಕಾರಣಕ್ಕೆ ಅವತ್ತು ಟೀವಿ ಆರಿಸದೆ ಕೂತವರು ಆಮೇಲೆ ಹದಿನೇಳು ವರ್ಷ ಎದ್ದೇಳಲಿಲ್ಲ.

ಬರೀ ಸೋತಿದ್ದರೆ ತಡೆದುಕೊಳ್ಳಬಹುದಿತ್ತು. ಕಪ್ಪು ಕೈಗೆ ಬಂತು ಎನ್ನುವಷ್ಟರಲ್ಲಿ ಸೋಲುವುದಿದೆಯಲ್ಲ, ಅದು ಬೇರೆಯೇ ಜಾತಿಯ ನೋವು. ಪುರುಷರ ತಂಡ ಕಪ್ ಗೆಲ್ಲುವ ಮೊದಲು ಮೂರು ಐಪಿಎಲ್ ಫೈನಲ್ ಸೋತಿತು. ಮೂರರಲ್ಲೂ ಸೋಲಿಸಿದವರು ಮುಂಬೈಯವರಲ್ಲ, ದೆಹಲಿಯವರಲ್ಲ. 2009ರಲ್ಲಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್, 2011ರಲ್ಲಿ ಚೆನ್ನೈ, 2016ರಲ್ಲಿ ಮತ್ತೆ ಹೈದರಾಬಾದು, ಈ ಬಾರಿ ಸನ್‌ರೈಸರ್ಸ್. ಬೆಂಗಳೂರಿನವರಿಗೆ ಇವು ಮೂರು ಸೋಲುಗಳು, ಅಷ್ಟೆ. ನಮಗೆ ಒಂದು ನೆಂಟರ ಮನೆಯ ಕಾಟ, ಒಂದು ನೆರೆಮನೆಯ ಕಾಟ, ಮತ್ತೆ ನೆಂಟರ ಮನೆಯ ಕಾಟ.

2009ರ ಫೈನಲ್ ಜೋಹಾನ್ಸ್‌ಬರ್ಗಿನಲ್ಲಿ ನಡೆಯಿತು. ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರು, ಗಿಲ್‌ಕ್ರಿಸ್ಟನನ್ನು ಮೊದಲ ಓವರಿನಲ್ಲೇ ಸೊನ್ನೆಗೆ ಕಳಿಸಿದರು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. ಆದರೂ ಆರು ರನ್ನಿನಿಂದ ಸೋತೆವು. ಭಾವನ ಫೋನು ಬಂತು. “ಆರು ಪರುಗುಲೇ ಕದಾ ಬಾವಾ”, ಆರೇ ರನ್ನಲ್ಲವೇ, ಎಂದು ಆಡಿಕೊಂಡ. ಅವನಾದರೂ ಆಡಿಕೊಂಡ. ಎರಡು ವರ್ಷದ ನಂತರ ಚೆನ್ನೈ ನಮ್ಮನ್ನು 58 ರನ್ನಿನಿಂದ ಹೊಸಕಿ ಹಾಕಿದಾಗ ಪೆರಿಯಪ್ಪ ಆಡಿಕೊಳ್ಳಲೂ ಇಲ್ಲ. ಕಾಂಪೌಂಡಿನ ಮೇಲೆ ಕೈಯಿಟ್ಟು, “ವಿಡು ತಂಬಿ, ಅಡುತ್ತ ವರುಷಂ ಪಾತ್ಕಲಾಂ” ಎಂದರು. ಮುಂದಿನ ವರ್ಷ ನೋಡಿಕೊಳ್ಳೋಣವಂತೆ! ಗೆದ್ದವನ ಗೇಲಿಯನ್ನು ಸಹಿಸಬಹುದು, ಅವನ ಕನಿಕರವನ್ನು ಸಹಿಸುವುದು ಹೇಗೆ?

2016ರದು ಎಲ್ಲಕ್ಕಿಂತ ಕೆಟ್ಟದ್ದು. ಆ ಸಲ ಕೊಹ್ಲಿ ನಾಲ್ಕು ಶತಕ ಸೇರಿ 973 ರನ್ ಹೊಡೆದಿದ್ದ. ಫೈನಲ್ ನಮ್ಮದೇ ಚಿನ್ನಸ್ವಾಮಿಯಲ್ಲಿ. ನಾವು ನೋಡಿದ್ದು ಪಾನಿಪೂರಿ ಗಾಡಿಯ ಮುಂದೆ. ನಮ್ಮೂರ ಪಾನಿಪೂರಿಯ ಬಗ್ಗೆ ನೀವು ಕೇಳಿರಬಹುದು. ಎಲ್ಲ ಕಡೆ ಪಾನಿ ಹಸಿರಾಗಿರುತ್ತದೆ. ಬಂಗಾರಪೇಟೆಯ ಪಾನಿ ಮಾತ್ರ ತಿಳಿನೀರು, ಲೋಟದಲ್ಲಿಟ್ಟರೆ ಬಾವಿಯಿಂದ ಸೇದಿ ತಂದದ್ದು ಅನ್ನಬೇಕು. ಬಾಯಿಗಿಟ್ಟ ಮೇಲೇ ಖಾರ ಗೊತ್ತಾಗುವುದು, ಅಷ್ಟರಲ್ಲಿ ತಡವಾಗಿರುತ್ತದೆ. ಅವತ್ತು ರಾತ್ರಿ ಗಾಡಿಯವನು ಪೂರಿ ಡಬ್ಬಕ್ಕೆ ಮೊಬೈಲು ಒರಗಿಸಿ ನಿಲ್ಲಿಸಿದ್ದ. ಗೇಲ್ ಮತ್ತು ಕೊಹ್ಲಿ ಹತ್ತೂವರೆ ಓವರಿಗೆ ವಿಕೆಟ್ಟಿಲ್ಲದೆ 114 ಬಾರಿಸಿದ್ದರು. ಬೇಕಿದ್ದದ್ದು 209. ಖುಷಿಗೆ ಅವನು ಕೇಳಿದವರಿಗೂ ಕೇಳದವರಿಗೂ ಒಂದೊಂದು ಪೂರಿ ಹೆಚ್ಚಿಗೆ ಕೊಡುತ್ತಿದ್ದ. ಗೇಲ್ ಔಟಾದ, ಕೊಹ್ಲಿ ಔಟಾದ, ಡಿವಿಲಿಯರ್ಸ್ ಬಂದವನು ಬಂದಂತೆಯೇ ಹೋದ. ಗಾಡಿಯವನ ಕೈ ಪೂರಿಗೆ ತೂತು ಮಾಡುವುದನ್ನು ಬಿಟ್ಟು ಹಾಗೇ ನಿಂತಿತು. ಎಂಟು ರನ್ ಕಡಿಮೆ ಬಿತ್ತು. ನಮ್ಮ ವಾಟ್ಸನ್ ನಾಲ್ಕು ಓವರಿನಲ್ಲಿ 61 ರನ್ ಕೊಟ್ಟಿದ್ದ. ಆ ಲೆಕ್ಕವನ್ನು ಗಾಡಿಯವನು ಇವತ್ತಿಗೂ ಮರೆತಿಲ್ಲ. ಹೆಚ್ಚಿಗೆ ಪೂರಿ ಕೊಡುವುದನ್ನು ಮಾತ್ರ ಮರೆತಿದ್ದಾನೆ.

ಸೋತವರಿಗೆ ಶಾಪದ ಮೇಲೆ ನಂಬಿಕೆ ಬರುತ್ತದೆ. ತಲಕಾಡು ಮರಳಾಗಲಿ ಎಂದ ಅಲಮೇಲಮ್ಮನ ನಾಡು ನಮ್ಮದು, ಹೇಳಿಕೊಡಬೇಕೆ? ಹಸಿರು ಜೆರ್ಸಿ ಆಗಿಬರುವುದಿಲ್ಲ ಎಂದರು, ಹೆಸರಿನಲ್ಲಿರುವ ‘ಬ್ಯಾಂಗಲೋರ್’ ದೋಷ ಎಂದರು. 2024ರಲ್ಲಿ ಅದನ್ನು ‘ಬೆಂಗಳೂರು’ ಮಾಡಿದ್ದೂ ಆಯಿತು. ಆದರೆ ಶಾಪದ ವಿಷಯದಲ್ಲಿ ಐರ್ಲೆಂಡಿನ ಮೇಯೋದವರ ಮುಂದೆ ನಾವು ಏನೂ ಅಲ್ಲ. ಅಲ್ಲಿ ಗೇಲಿಕ್ ಫುಟ್‌ಬಾಲ್ ಎಂಬ ಆಟವಿದೆ, ಚೆಂಡನ್ನು ಒದೆಯಲೂಬಹುದು, ಕೈಯಲ್ಲಿ ಹಿಡಿದು ಓಡಲೂಬಹುದು. ಮೇಯೋ ಜಿಲ್ಲೆಯ ತಂಡ 1951ರಲ್ಲಿ ದೇಶದ ಕಪ್ ಗೆದ್ದು ಮೆರವಣಿಗೆಯಲ್ಲಿ ಊರಿಗೆ ಮರಳುವಾಗ ದಾರಿಯಲ್ಲಿ ಒಂದು ಶವಯಾತ್ರೆ ಎದುರಾಯಿತಂತೆ. ಇವರು ಗಾಡಿ ನಿಲ್ಲಿಸಿ ಗೌರವ ಕೊಡದೆ ಕುಣಿಯುತ್ತಾ ಮುಂದೆ ಹೋದರಂತೆ. ಈ ತಂಡದ ಕೊನೆಯವನು ಸಾಯುವವರೆಗೂ ನಿಮಗೆ ಕಪ್ಪಿಲ್ಲ ಎಂದು ಪಾದ್ರಿಯೊಬ್ಬ ಶಪಿಸಿದನಂತೆ. ಕಟ್ಟುಕಥೆಯೇ ಇರಬಹುದು. ಆದರೆ 1989ರಿಂದ 2021ರವರೆಗೆ ಅವರು ಹನ್ನೊಂದು ಫೈನಲ್ ಸೋತದ್ದು ಕಟ್ಟುಕಥೆಯಲ್ಲ. ಆ ತಂಡದಲ್ಲಿ ಉಳಿದಿದ್ದ ಕೊನೆಯ ಹಿರಿಯರು 2021ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಶಾಪದ ಅವಧಿ ಮುಗಿದ ಮೇಲೂ ಕಪ್ ಬರಲಿಲ್ಲ. ಈಗ ಪಾಪ, ಬೈಯಲು ಪಾದ್ರಿಯೂ ಇಲ್ಲ.

ನಮ್ಮದು ಶಾಪದಷ್ಟು ಸರಳವಾಗಿಯೂ ಇರಲಿಲ್ಲ. 2013ರ ಏಪ್ರಿಲ್ 23ರಂದು ಗೇಲ್ ಒಬ್ಬನೇ ಔಟಾಗದೆ 175 ಹೊಡೆದು ತಂಡ 263 ಮಾಡಿತು. ನಾಲ್ಕು ವರ್ಷ ಬಿಟ್ಟು ಅದೇ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ 49ಕ್ಕೆ ಆಲೌಟಾಯಿತು. ಪಂಚಾಂಗ ನೋಡುವವರಿಗೆ ಕೊಟ್ಟರೆ ತಲೆ ಕೆರೆದುಕೊಂಡಾರು. 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು, ಚೆನ್ನೈಯನ್ನೇ ಮನೆಗೆ ಕಳಿಸಿ ಪ್ಲೇಆಫ್ ಸೇರಿದರು. ಚೆನ್ನೈಗೆ ಕೊನೆಯ ಓವರಿನಲ್ಲಿ ಮುಂದಕ್ಕೆ ಹೋಗಲು 17 ಬೇಕಿತ್ತು. ಮೊದಲ ಎಸೆತವನ್ನೇ ಧೋನಿ ಸಿಕ್ಸರ್ ಎತ್ತಿದಾಗ ಗೋಡೆಯಾಚೆ ಶಿಳ್ಳೆ ಎದ್ದಿತು, ಮುಂದಿನ ಎಸೆತಕ್ಕೆ ನಿಂತಿತು. ಆ ರಾತ್ರಿ ನಾನು ಕಾಂಪೌಂಡಿನ ಹತ್ತಿರ ಹೋಗಿ, “ವಿಡುಂಗ ಪೆರಿಯಪ್ಪಾ, ಅಡುತ್ತ ವರುಷಂ ಪಾತ್ಕಲಾಂ” ಎಂದೆ. ನಾಲ್ಕು ದಿನಕ್ಕೆ ರಾಜಸ್ಥಾನದ ಕೈಲಿ ಸೋತು ನಾವೂ ಮನೆ ಸೇರಿದೆವು.

ಇಷ್ಟಾದರೂ ಈ ತಂಡವನ್ನು ನಾವೇಕೆ ಬಿಡಲಿಲ್ಲ? ಒಂದು ಕಾರಣ ಬೆಂಗಳೂರಿಗೂ ನಮಗೂ ಇರುವ ಸಂಬಂಧ. ಕರೆಂಟಿನ ವಿಷಯದಲ್ಲಿ ನಾವೇ ಹಿರಿಯರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೆಜಿಎಫ್ ಗಣಿಗೆ ಬಂತು, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಬಿಜಿಎಂಎಲ್ ಬಾಗಿಲು ಹಾಕಿದ ಮೇಲೆ ಲೆಕ್ಕ ತಿರುಗಿತು. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ಲೋಕಲ್ ರೈಲಿನಲ್ಲಿ ಊರಿಗಾಂ, ಕೋರಮಂಡಲ, ಬಂಗಾರಪೇಟೆ, ಟೇಕಲ್, ಮಾಲೂರು ಎಂದು ನಿಂತು ನಿಂತು ಬೆಂಗಳೂರಿಗೆ ಹೋಗಿ ದುಡಿಯುವುದು, ರಾತ್ರಿ ಮರಳಿ ಬಂದು ಮಲಗುವುದು. ನಾವು ಅವರಿಗೆ ಹಾಲು, ಟೊಮೆಟೊ, ದುಡಿಯುವ ಕೈ ಕಳಿಸುತ್ತೇವೆ. 2018ರಿಂದ ಅವರು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ಊರಿನ ಮೆಟ್ರೊ, ಪಾರ್ಕು, ಮಾಲು ಯಾವುದೂ ನಮ್ಮದೆಂದು ಅನ್ನಿಸುವುದಿಲ್ಲ. ರಾತ್ರಿ ಪಂದ್ಯ ನೋಡೋಣವೆಂದರೆ ಮುಗಿಯುವ ಹೊತ್ತಿಗೆ ವಾಪಸ್ಸು ಬರಲು ಲೋಕಲ್ ಇರುವುದಿಲ್ಲ. ಆದರೆ ತಂಡ ಸೋತ ಮರುದಿನ ಆಫೀಸಿನಲ್ಲಿ ಇಂದಿರಾನಗರದವನೂ ನಾನೂ ಒಂದೇ ಮುಖ ಹೊತ್ತು ಕಾಫಿ ಕುಡಿಯುತ್ತೇವೆ. ಬೆಂಗಳೂರು ನಮ್ಮ ಜತೆ ಸರಿಸಮನಾಗಿ ಹಂಚಿಕೊಂಡದ್ದು ಅದೊಂದನ್ನೇ.

ಒಂದು ಹಂತದಲ್ಲಿ ನಮ್ಮ ಹೆಸರೂ ತಂಡಕ್ಕೆ ಸೇರಿಕೊಂಡಿತು. ಯಶ್ ನಟಿಸಿದ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಕೊಹ್ಲಿ, ಗ್ಲೆನ್ ಮ್ಯಾಕ್ಸ್‌ವೆಲ್, ಫಾಫ್ ಡುಪ್ಲೆಸಿ ಈ ಮೂವರ ಮೊದಲಕ್ಷರ ಕೂಡಿಸಿ ಅಭಿಮಾನಿಗಳು ‘ಕೆಜಿಎಫ್’ ಎಂದರು. 2023ರಲ್ಲಿ ಈ ಕೆಜಿಎಫ್ ರಾಶಿ ರಾಶಿ ರನ್ ತೆಗೆಯಿತು, ತಂಡ ಪ್ಲೇಆಫ್ ಸೇರಲಿಲ್ಲ. ನಮ್ಮ ಊರಿನ ಗ್ರಹಚಾರ ಗೊತ್ತಿದ್ದವರು ಯಾರೂ ಆ ಹೆಸರಿಡುತ್ತಿರಲಿಲ್ಲ.

ಪೆರಿಯಪ್ಪ ಗಣಿಯಲ್ಲಿ ದುಡಿದವರು, ನೆಲದೊಳಗೆ ಬಂಡೆ ಸಿಡಿದು ಮೇಲೆ ಮನೆಯ ಪಾತ್ರೆಗಳು ಅದುರುತ್ತಿದ್ದ ಕಾಲ ಕಂಡವರು. ಒಮ್ಮೆ ಅವರನ್ನೇ ಕೇಳಿದೆ, ಸೋಲುವ ತಂಡದ ಹಿಂದೆ ಬೀಳುವುದು ದಡ್ಡತನವಲ್ಲವೇ ಎಂದು. ಅವರು ತಮ್ಮ ಅರೆತಮಿಳು ಕನ್ನಡದಲ್ಲಿ ಹೇಳಿದರು: “ಒಂದು ಟನ್ ಕಲ್ಲು ಒಡೆದ್ರೆ ಚಿನ್ನ ಸಿಗೋದು ಮೂರೋ ನಾಲ್ಕೋ ಗ್ರಾಮು. ಮಿಕ್ಕಿದ್ದೆಲ್ಲ ಅದೋ, ಆ ಸಯನೈಡ್ ಗುಡ್ಡ. ನಿಮ್ಮ ಟೀಮು ಇಷ್ಟು ವರ್ಷ ಗುಡ್ಡ ಕಟ್ಟಿದೆ. ಚಿನ್ನ ಇಲ್ಲ ಅಂತ ಯಾರು ಹೇಳ್ದ?”

ಚಿನ್ನ ಮೊದಲು ಹೆಣ್ಣುಮಕ್ಕಳ ಕೈಗೆ ಸಿಕ್ಕಿತು. 2024ರ ಮಾರ್ಚ್ 17ರಂದು ಸ್ಮೃತಿ ಮಂಧಾನ ಬಳಗ ದೆಹಲಿಯನ್ನು ಎಂಟು ವಿಕೆಟ್ಟಿನಿಂದ ಸೋಲಿಸಿ, ಮಹಿಳಾ ಲೀಗಿನ ಎರಡನೇ ವರ್ಷದಲ್ಲೇ ಕಪ್ ತಂದರು. ಗಂಡಸರು 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಸೋಲಿಸಿದರು. ಅಂತರ ಎಷ್ಟು ಗೊತ್ತೇ? ಆರು ರನ್. ಭಾವನಿಗೆ ಫೋನು ಮಾಡಿದೆ. ಅವನು ಎತ್ತಿದ ಕೂಡಲೇ, “ಗೊತ್ತು ಬಿಡು, ಆರೇ” ಎಂದ.

ಆದರೆ ಮರುದಿನ ವಿಜಯೋತ್ಸವಕ್ಕೆಂದು ಜನ ಸೇರಿದಾಗ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ಎಳೆಯರು. ನಮ್ಮ ಕಡೆಯಿಂದಲೂ ಹುಡುಗರು ಕೆಂಪಂಗಿ ತೊಟ್ಟು ರೈಲು ಹತ್ತಿದ್ದರು. ಸಂಜೆ ಎಷ್ಟೋ ಮನೆಗಳಲ್ಲಿ ಫೋನು ಹತ್ತದೆ ತಾಯಂದಿರು ಸ್ಟೇಷನ್ನಿನ ದಾರಿ ನೋಡುತ್ತ ಕೂತರು. ಪೆರಿಯಪ್ಪ ತಾವಾಗಿ ಬಂದು, ನಮ್ಮ ಹುಡುಗ ಮನೆ ಸೇರಿದನಾ ಎಂದು ಕೇಳಿ ಹೋದರು. ಆ ದಿನದ ತಪ್ಪೊಪ್ಪುಗಳನ್ನು ತೂಗುವುದು ಈ ಪ್ರಬಂಧದ ಕೆಲಸವಲ್ಲ. ನನಗೆ ಕಂಡದ್ದು ಇಷ್ಟು: ಸೋಲಿನಲ್ಲಿ ಪಾಲು ಪಡೆಯಲು ಯಾರಿಗೂ ಪಾಸು ಬೇಕಿರಲಿಲ್ಲ, ಎಲ್ಲಿ ಕೂತಿದ್ದರೂ ಬಂದು ಸೇರುತ್ತಿತ್ತು. ಗೆಲುವಿಗೆ ಗೇಟಿತ್ತು. ಹದಿನೇಳು ವರ್ಷದ ಸೋಲನ್ನು ಸರಿಸಮ ಹೊತ್ತವರು ಆ ಗೇಟಿನ ಹೊರಗಿದ್ದರು.

ಅದಕ್ಕೇ ಈಗ ಯಾರಾದರೂ ಹೊಸಬರು ಆರ್‌ಸಿಬಿ ನಮ್ಮದೆಂದು ಎದೆ ತಟ್ಟಿಕೊಂಡರೆ ನಮ್ಮ ರೈಲಿನ ಹುಡುಗರು ಕಪ್ಪಿನ ಮಾತೇ ಎತ್ತುವುದಿಲ್ಲ. ‘49ರ ದಿನ ಎಲ್ಲಿದ್ದೆ?’ ಎಂದು ಕೇಳುತ್ತಾರೆ. ಉತ್ತರ ಗೊತ್ತಿದ್ದವರಿಗೆ ಸೀಟಿನಲ್ಲಿ ಜಾಗ, ಇಲ್ಲದವರು ಮಾಲೂರಿನವರೆಗೆ ನಿಂತೇ ಬರಬೇಕು. ಕಪ್ ಗೆದ್ದದ್ದಕ್ಕೆ ಸಾಕ್ಷಿಗೆ ಇಡೀ ಲೋಕವಿದೆ, ಸೋತದ್ದಕ್ಕೆ ನಾವೇ ಸಾಕ್ಷಿ. ಪೆರಿಯಪ್ಪನವರಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಚೆನ್ನೈಯ ಐದು ಕಪ್‌ಗಳನ್ನು ಬೆರಳು ಮಡಚಿ ಎಣಿಸಿ, “ಸರಿ ತಂಬಿ, ಒಂದು ಬಂತು. ಇನ್ನೂ ನಾಲ್ಕು ಬಾಕಿ” ಎಂದರು.

ನಾಲ್ಕು ಬಾಕಿ ಇರುವವರೆಗೆ ನಮಗೇನೂ ಯೋಚನೆಯಿಲ್ಲ. ಕಾಯುವ ಕೆಲಸ ನಮಗೆ ಚೆನ್ನಾಗಿ ಬರುತ್ತದೆ.