ಒಲಿಂಪಿಯದ ಅಂಗಳ, ದಾವಣಗೆರೆಯ ಗರಡಿ

ಕ್ರೀಡೆಗಳ ಪ್ರಾಚೀನತೆಯ ಮಾತು ಬಂದೊಡನೆ ನಮ್ಮ ಮನಸ್ಸು ಗ್ರೀಸ್ ದೇಶದತ್ತ ಹರಿಯುವುದು ಸಹಜ. ಕ್ರಿ. ಪೂ. ೭೭೬ರಿಂದ ಲೆಕ್ಕ ಹಿಡಿಯುವ ಒಲಿಂಪಿಕ್ ಪಂದ್ಯಗಳಿಗೆ ಕುಸ್ತಿಯು ಕ್ರಿ. ಪೂ. ೭೦೮ರಲ್ಲಿ ಸೇರಿತೆಂದು ಪ್ರತೀತಿ. ಒಲಿಂಪಿಯದಲ್ಲಿ ಜಟ್ಟಿಗಳ ಸಾಧನೆಗೆಂದೇ ಕಟ್ಟಿದ ‘ಪಲೇಸ್ಟ್ರ’ ಎಂಬ ಅಂಗಳವಿದೆ. ಮೈಗೆ ಎಣ್ಣೆ ತೀಡಿ, ಮೇಲೆ ಧೂಳು ಸವರಿಕೊಂಡು ಸೆಣಸುತ್ತಿದ್ದ ಆ ಪಂದ್ಯಗಳಲ್ಲಿ ಎದುರಾಳಿಯನ್ನು ಮೂರು ಬಾರಿ ಕೆಡವಿದವನೇ ವಿಜಯಿ. ಇಂದು ಅಲ್ಲಿ ಕಂಬಗಳ ಸಾಲು ಉಳಿದಿದೆ; ಜಟ್ಟಿಗಳಿಲ್ಲ.

ಈ ಪಾಠ ಮುಗಿದ ದಿನ ನನ್ನ ಇತಿಹಾಸದ ವಿದ್ಯಾರ್ಥಿಗಳು, “ಇದನ್ನೆಲ್ಲ ಕಣ್ಣಾರೆ ನೋಡುವುದು ಯಾವಾಗ, ಸಾರ್?” ಎಂದರು. ಗ್ರೀಸಿನ ದಾರಿವೆಚ್ಚ ನಮ್ಮ ಕೈಗೆಟುಕದು. ಆದರೆ ಅದೇ ಬಗೆಯ ಅಂಗಳವೊಂದು ಇನ್ನೂ ಉಸಿರಾಡುತ್ತಿರುವ ಊರು ನಮ್ಮ ನಾಡಿನಲ್ಲಿಯೇ ಇದೆಯಲ್ಲ! ಹದಿನಾಲ್ಕು ಮಂದಿಯೊಡನೆ ದಾವಣಗೆರೆಯ ರೈಲು ಹತ್ತಿದೆ.

ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಹೆಸರಾಗಿದ್ದ ಈ ನಗರ ಇಂದು ಬೆಣ್ಣೆದೋಸೆಯಿಂದ ಪ್ರಸಿದ್ಧ. ಆದರೆ ಕುಸ್ತಿಯ ನಂಟೂ ಇಲ್ಲಿ ಹಳೆಯದು. ಎರಡು ವರ್ಷಗಳಿಗೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ಪಂದ್ಯಗಳಿಗೆ ಜನ ಕಿಕ್ಕಿರಿಯುತ್ತಾರೆ.

ಬೆಳಗಿನ ಜಾವ ಹಳೆಯ ಪೇಟೆಯ ಗರಡಿ ಮನೆಯೊಂದಕ್ಕೆ ಹೋದೆವು. ತಲೆ ತಗ್ಗಿಸಿಯೇ ಒಳಹೊಗಬೇಕಾದ ಗಿಡ್ಡ ಬಾಗಿಲು. ಒಳಗೆ ಹನುಮಂತನ ಪಟ, ಮೂಲೆಯಲ್ಲಿ ಗದೆಗಳು, ನಡುವೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಗೊಳಿಸಿದ ಕೆಮ್ಮಣ್ಣು. “ಚಪ್ಪಲಿ ಹೊರಗ ಬಿಡ್ರಪ್ಪಾ, ಇದು ದೇವರ ಮನಿ ಇದ್ದಂಗ,” ಎಂದರು ವೃದ್ಧ ವಸ್ತಾದರು. ನಮ್ಮ ತಂಡದ ಐವರು ವಿದ್ಯಾರ್ಥಿನಿಯರು ಮಾತ್ರ ಹೊಸಿಲಿನಾಚೆ ನಿಲ್ಲಬೇಕಾಯಿತು. ಅದು ಆ ಗರಡಿಯ ಕಟ್ಟಳೆ. “ಒಲಿಂಪಿಯದಲ್ಲಿಯೂ ಮದುವೆಯಾದ ಹೆಂಗಸರು ಪಂದ್ಯ ನೋಡುವಂತಿರಲಿಲ್ಲ,” ಎಂದು ಒಬ್ಬಳು ತಗ್ಗಿದ ದನಿಯಲ್ಲಿ ನೆನಪಿಸಿದಳು.

ಒಳಗೆ ಮೂವರೇ ಹುಡುಗರು ದಂಡ, ಬಸ್ಕಿ ಹೊಡೆಯುತ್ತಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಜಟ್ಟಿಗಳ ಸಾಧನೆ, ಆಹಾರಗಳನ್ನು ವಿವರಿಸಿದ್ದಾನೆ. ಅಂಥ ವಿದ್ಯೆಗೆ ಈಗ ಮೂವರೇ? ವಿದ್ಯಾರ್ಥಿಗಳು ಆಧುನಿಕ ಮ್ಯಾಟನ್ನು ಹಳಿಯತೊಡಗಿದರು.

ವಸ್ತಾದರು ಒಪ್ಪಲಿಲ್ಲ. “ಹಂಗನ್ನಬ್ಯಾಡ್ರಿ. ಇಲ್ಲಿ ಕಲ್ತು ಅಲ್ಲಿ ಗೆದ್ದು ಬರಲಿ ಅಂತ ನಾನೇ ಹುಡುಗರನ್ನ ಮ್ಯಾಟಿಗೆ ಕಳಿಸ್ತೀನಿ,” ಎಂದರು. ಅವರ ಮಾತಿಗೆ ಇತಿಹಾಸದ ಬೆಂಬಲವಿದೆ. ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ ೧೯೫೨ರಲ್ಲಿ ಹೆಲ್ಸಿಂಕಿಯ ಮ್ಯಾಟಿನ ಮೇಲೆ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ ೨೦೨೦ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಪಡೆದದ್ದು ಗ್ರೀಕರ ಹೆಸರನ್ನೇ ಹೊತ್ತ ಗ್ರೀಕೋ-ರೋಮನ್ ಶೈಲಿಯಲ್ಲಿ. ಹೊಸಿಲಿನಾಚೆ ನಿಂತ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದದ್ದು ಮ್ಯಾಟೇ: ೨೦೧೬ರಲ್ಲಿ ರಿಯೋ ನಗರದಲ್ಲಿ ಸಾಕ್ಷಿ ಮಲಿಕ್ ಪದಕ ಗೆದ್ದದ್ದು ಅದರ ಮೇಲೆಯೇ.

ಮಧ್ಯಾಹ್ನ ಸುಮಾರು ೧೪ ಕಿಲೋಮೀಟರು ದೂರದ ಹರಿಹರಕ್ಕೆ ಬಸ್ಸು ಹಿಡಿದೆವು. ತುಂಗಭದ್ರೆಯ ದಡದ ಈ ಊರಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು ೧೨೨೪ರಲ್ಲಿ ಕಟ್ಟಿಸಿದನು. ಗರ್ಭಗುಡಿಯ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಹರಿಯೊಬ್ಬನಾಗಲಿ ಹರನೊಬ್ಬನಾಗಲಿ ಕೊಲ್ಲಲಾಗದಂತೆ ವರ ಪಡೆದಿದ್ದ ಗುಹಾಸುರನನ್ನು ಇಬ್ಬರೂ ಒಂದೇ ದೇಹವಾಗಿ ಬಂದು ಸಂಹರಿಸಿದರೆಂದು ಸ್ಥಳಪುರಾಣ.

ನುಣುಪಾದ ಕಂಬಗಳ ನಡುವೆ ಕುಳಿತು ಈ ಕಥೆ ಕೇಳಿದ ವಿದ್ಯಾರ್ಥಿನಿಯೊಬ್ಬಳು, “ಮಣ್ಣು, ಮ್ಯಾಟು ಎರಡೂ ಹೀಗೆ ಕೂಡಿದರೇ ಕುಸ್ತಿ ಉಳಿದೀತು, ಅಲ್ಲವೇ ಸಾರ್?” ಎಂದಳು. ನಾನು ಹೇಳಬೇಕೆಂದಿದ್ದುದೂ ಅದೇ.

ಈ ದೇವಾಲಯವನ್ನು ಕಾಯಲು ಪುರಾತತ್ತ್ವ ಇಲಾಖೆಯಿದೆ. ಗರಡಿಯ ಕೆಮ್ಮಣ್ಣಿಗೆ ಅಂಥ ಕಾವಲಿಲ್ಲ. ದಿನವೂ ಯಾರಾದರೂ ಇಳಿದು ಅಗೆದು ಹದಮಾಡದಿದ್ದರೆ ಅದು ಗಟ್ಟಿಯಾಗಿಬಿಡುತ್ತದೆ. ದಾವಣಗೆರೆಗೆ ಹೋಗುವ ವಾಚಕರು ದೋಸೆಗೆ ಮುನ್ನ, ಸೂರ್ಯೋದಯದ ಹೊತ್ತಿಗೆ, ಮಕ್ಕಳೊಡನೆ ಒಂದು ಗರಡಿಯ ಬಾಗಿಲಿಗೆ ಹೋಗಿ ಬರಲಿ. ಮೂವರು ನಾಲ್ವರಾದರೆ ಅಷ್ಟೇ ಲಾಭ.